ಡಬ್ಬಿಯ ಮೇಲಿನ ದಾನ



'ಇದನ್ನು ಕೊಂಡರೆ ರೋಗಿಗಳಿಗೆ ಇಷ್ಟು ದಾನ' ಎಂಬ ಬರಹ ಅಂಗಡಿಯ ಸಾಮಾನಿನ ಮೇಲೆ ಕಂಡರೆ ನಮ್ಮ ಕೈ ಅತ್ತಲೇ ಹೋಗುತ್ತದೆ. ಆದರೆ ಕೊಳ್ಳುವ ಮೊದಲು ಲೆಕ್ಕ ಕೇಳಬೇಕು.

1999ರಲ್ಲಿ ಅಮೆರಿಕದ ಯೋಪ್ಲೇ ಮೊಸರಿನವರು, ಡಬ್ಬಿಯ ಮುಚ್ಚಳ ಕಳುಹಿಸಿದರೆ ಒಂದಕ್ಕೆ ಅರ್ಧ ಡಾಲರಿನಂತೆ ಸ್ತನ ಕ್ಯಾನ್ಸರ್ ಸಂಶೋಧನೆಗೆ ಕೊಡುವುದಾಗಿ ಸಾರಿದರು. ಜನರು ಸುಮಾರು 94 ಲಕ್ಷ ಮುಚ್ಚಳ ಕಳುಹಿಸಿದರು. ಆ ಲೆಕ್ಕದಲ್ಲಿ 47 ಲಕ್ಷ ಡಾಲರು ಆಗಬೇಕಿತ್ತು. ಆದರೆ ಕಂಪನಿ ತನ್ನ ದಾನಕ್ಕೆ 1 ಲಕ್ಷ ಡಾಲರಿನ ಮಿತಿ ಇಟ್ಟುಕೊಂಡಿತ್ತು. ಅಂದರೆ, ಮೊದಲ 2 ಲಕ್ಷ ಮುಚ್ಚಳಕ್ಕೇ ದಾನ ಮುಗಿಯಿತು. ಮಾರಾಟ ಮಾತ್ರ ನಡೆದೇ ಇತ್ತು. ಜಾರ್ಜಿಯಾ ರಾಜ್ಯದ ಅಟಾರ್ನಿ ಜನರಲ್ ಆಕ್ಷೇಪಿಸಿದ ಮೇಲೆ ಕಂಪನಿ ಇನ್ನೂ 63 ಸಾವಿರ ಡಾಲರು ಕೊಟ್ಟಿತು.

ಆದ್ದರಿಂದ ಮೂರು ಮಾತು ವಿಚಾರಿಸಿ: ಒಂದು ಡಬ್ಬಿಗೆ ಎಷ್ಟು ದಾನ? ಒಟ್ಟು ಎಷ್ಟರವರೆಗೆ? ಯಾವ ಸಂಸ್ಥೆಗೆ? ಸಣ್ಣ ಅಕ್ಷರ ಓದಲಾಗದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಉತ್ತರ ಸಿಗದಿದ್ದರೆ ಬೆಲೆ ಮತ್ತು ಗುಣವನ್ನಷ್ಟೇ ನೋಡಿ ಕೊಳ್ಳಿ.

ದಾನ ಮಾಡುವ ಮನಸ್ಸಿದ್ದರೆ ನೆರೆಮನೆಯ ರೋಗಿಯ ಔಷಧಿಗೆ ನಿಮ್ಮ ಕೈಯಾರೆ ಕೊಡಿ. ಪ್ರಭು ಯೇಸು ಮೆಚ್ಚಿದ್ದು ಬಡ ವಿಧವೆ ತಾನೇ ತಂದು ಹಾಕಿದ ಎರಡು ಕಾಸನ್ನು.