ಕೊಂಬು ಹೆರೆದರೆ ವಯಸ್ಸು ಇಳಿದೀತೇ?

ನಮ್ಮ ಕಡೆಯ ದನದ ಸಂತೆಗಳಲ್ಲಿ ಹಸು ಕೊಳ್ಳಲು ಬಂದ ಹಿರಿಯರು ಮೊದಲು ಕೆಚ್ಚಲು ನೋಡುತ್ತಿದ್ದರು, ಆಮೇಲೆ ಕೊಂಬು ನೋಡುತ್ತಿದ್ದರು. ಕರು ಹಾಕುತ್ತ ಹೋದಂತೆ ಹಸುವಿನ ಕೊಂಬಿನ ಬುಡದಲ್ಲಿ ಉಂಗುರಗಳು ಮೂಡುತ್ತವೆ. ಅವನ್ನು ಎಣಿಸಿದರೆ ಎಷ್ಟನೆಯ ಸೂಲೆಂಬ ಅಂದಾಜು ಸಿಗುತ್ತದೆ. ಇದನ್ನು ಬಲ್ಲ ದಲ್ಲಾಳಿಗಳಲ್ಲಿ ಕೆಲವರು ಸಂತೆಯ ಹಿಂದಿನ ದಿನ ಕೊಂಬನ್ನು ಹೆರೆದು, ಎಣ್ಣೆ ಸವರಿ, ಮಿರಿಮಿರಿ ಮಿಂಚಿಸಿ ತರುತ್ತಿದ್ದುದುಂಟು. ಆದ್ದರಿಂದ ಅನುಭವಿಗಳು ಕೊಂಬು ನೋಡಿ ಸುಮ್ಮನಾಗುತ್ತಿರಲಿಲ್ಲ. ಹಸುವಿನ ಬಾಯಿ ತೆರೆಸಿ ಕೆಳದವಡೆಯ ಹಲ್ಲು ನೋಡುತ್ತಿದ್ದರು. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಬಾಯಿಗೂಡಿದ್ದು ಎಂದು ಅವರದೊಂದು ಲೆಕ್ಕ. ಕೊಂಬು ಸುಳ್ಳು ಹೇಳಿದರೂ ಹಲ್ಲು ಹೇಳದು ಎಂಬುದು ಅವರ ನಂಬಿಕೆ.

ಕಂಪ್ಯೂಟರಿನ ಬಗ್ಗೆ ಮಾತನಾಡಲು ಬಂದವನು ಹಸುವಿನ ಕೊಂಬು ಹಿಡಿದು ನಿಂತನಲ್ಲ ಎಂದು ನೀವು ಅಚ್ಚರಿಪಡಬಹುದು. ನನ್ನ ವಿಷಯಕ್ಕೂ ಆ ಕೊಂಬಿಗೂ ಬಹಳ ಹತ್ತಿರದ ನಂಟಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳು ಇಂದು, ಹೊಸಪೇಟೆಯೊಡನೆ ಸೇರಿ, 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆಯ ಹೆಸರು ಹೊಸದಾದರೂ ಇಲ್ಲಿನ ಹಾಡು ಹಳೆಯದು. ಬೀಸುವ ಕಲ್ಲಿನ ಪದ, ಸೋಬಾನೆ, ಮೈಲಾರದ ಗೊರವರ ಪದ, ಬಯಲಾಟದ ಮಾತು ಇವನ್ನೆಲ್ಲ ನಾನು ಶಾಲಾ ಮಾಸ್ತರನಾಗಿದ್ದ ಕಾಲದಲ್ಲಿ ರಜೆ ಬಂದಾಗಲೆಲ್ಲ ಊರೂರು ತಿರುಗಿ ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡಿದ್ದೆ. ನಿವೃತ್ತನಾದ ಮೇಲೆ, ಬೂಷ್ಟು ಹಿಡಿಯತೊಡಗಿದ ಆ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ದೊಡ್ಡ ಪಟ್ಟಣವೊಂದರ ಅಂಗಡಿಯಿಂದ ಹೊಸ ಹಾರ್ಡ್ ಡಿಸ್ಕ್ ಒಂದನ್ನು ತಂದು ಅದರಲ್ಲಿಟ್ಟೆ. ಪ್ಲಾಸ್ಟಿಕ್ ಚೀಲ, ಮೊಹರು, ಚೀಟಿ ಎಲ್ಲವೂ ಹೊಸದಾಗಿಯೇ ಕಂಡವು. ಒಂಬತ್ತು ತಿಂಗಳಿಗೆ ಕಂಪ್ಯೂಟರು ಪ್ರತಿದಿನ ಬೆಳಿಗ್ಗೆ ಎಚ್ಚರಿಕೆ ಕೊಡತೊಡಗಿತು: ಡಿಸ್ಕ್ ಕೆಡುವ ಸೂಚನೆಯಿದೆ, ಬೇಗ ನಕಲು ಮಾಡಿಕೊಳ್ಳಿ. ಕೆಲಸಕ್ಕೆ ಅಡ್ಡಬರುವ ಈ ಎಚ್ಚರಿಕೆಯನ್ನು ಅಳಿಸಿ, ಲೆಕ್ಕವನ್ನು ಸೊನ್ನೆಗೆ ತರುವ ಉಪಾಯವಿದೆಯೇ ಎಂದು ನಾನು ಹುಡುಕಲು ಹೊರಟೆ. ನಕಲು ಮಾಡುವುದನ್ನು ಬಿಟ್ಟು ಹೀಗೆ ಮೂರು ವಾರ ಕಳೆದದ್ದು ನನ್ನ ಮೊದಲ ತಪ್ಪು.

ಚಿತ್ರ ತೋರಿಸಿ ವಿವರಿಸುವ ಅನುಕೂಲ ರೇಡಿಯೋದಲ್ಲಿಲ್ಲ. ಆದ್ದರಿಂದ ಗ್ರಾಮಫೋನನ್ನು ನೆನೆಯಿರಿ. ಹಾರ್ಡ್ ಡಿಸ್ಕ್ ಎಂದರೆ ಮುಚ್ಚಿದ ಪೆಟ್ಟಿಗೆಯಲ್ಲಿ ತಿರುಗುವ ನುಣುಪಾದ ತಟ್ಟೆಗಳು. ಅವು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವುದು ಸಾಮಾನ್ಯ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ. ಇಲ್ಲಿಯ ಓದುತಲೆ ಮುಟ್ಟುವುದಿಲ್ಲ. ಕೂದಲೆಳೆಗಿಂತ ಸಾವಿರಾರು ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತ ಕಾಂತದ ಗುರುತುಗಳನ್ನು ಓದುತ್ತದೆ, ಬರೆಯುತ್ತದೆ. ತಟ್ಟೆಯ ಮೈಯನ್ನು ಸೆಕ್ಟರ್ ಎಂಬ ಚಿಕ್ಕ ಮಡಿಗಳಾಗಿ ವಿಂಗಡಿಸಿರುತ್ತಾರೆ. ಯಾವುದಾದರೊಂದು ಮಡಿ ಓದಲು ಬಾರದಾದರೆ ಡಿಸ್ಕ್ ಅದನ್ನು ಸಂಶಯದ ಪಟ್ಟಿಗೆ ಸೇರಿಸುತ್ತದೆ. ಮುಂದೆ ಅಲ್ಲಿ ಬರೆಯುವ ಪ್ರಸಂಗ ಬಂದಾಗ ಪರೀಕ್ಷಿಸಿ, ಮಡಿ ಸರಿಯಿದ್ದರೆ ಪಟ್ಟಿಯಿಂದ ಬಿಡಿಸುತ್ತದೆ. ಕೆಟ್ಟಿದ್ದರೆ ಮೀಸಲು ಜಾಗದಿಂದ ಬೇರೊಂದು ಮಡಿಯನ್ನು ಕೊಡುತ್ತದೆ. ಹರಿದ ಕಡೆ ತೇಪೆ ಹಾಕಿದ ಹಾಗೆ. ಎಷ್ಟು ತೇಪೆ ಬಿತ್ತೆಂಬುದನ್ನೂ ಬರೆದಿಡುತ್ತದೆ.

ಇಂಥ ಲೆಕ್ಕಗಳ ಒಟ್ಟು ಪಟ್ಟಿಗೆ ಸ್ಮಾರ್ಟ್ ಎಂದು ಹೆಸರು. ತನ್ನನ್ನು ತಾನೇ ಗಮನಿಸಿ, ವಿವೇಚಿಸಿ, ವರದಿ ಕೊಡುವ ವಿಧಾನವೆಂಬ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದಾದ ಹೆಸರು ಅದು. 1992ರಲ್ಲಿ ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳ ಡಿಸ್ಕ್‌ಗಳಲ್ಲಿ ಇಂಥದೊಂದು ಏರ್ಪಾಡು ಮಾಡಿತು. 1995ರ ಸುಮಾರಿಗೆ ಕಾಂಪ್ಯಾಕ್ ಕಂಪನಿಯೂ ಡಿಸ್ಕ್ ತಯಾರಕರೂ ಸೇರಿ ಅದಕ್ಕೊಂದು ಸಾಮಾನ್ಯ ರೂಪ ಕೊಟ್ಟರು. ಡಿಸ್ಕ್ ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಹೊತ್ತಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ತೇಪೆ ಬಿದ್ದಿದೆ, ಕರೆಂಟು ಹಠಾತ್ತನೆ ಹೋಗಿ ಓದುತಲೆ ಎಷ್ಟು ಸಲ ಓಡಿ ಬದಿಗೆ ಸರಿಯಬೇಕಾಯಿತು ಎಂಬುದೆಲ್ಲ ಸಾಮಾನ್ಯವಾಗಿ ಅದರಲ್ಲಿ ದಾಖಲಾಗುತ್ತದೆ. ಬೇಸಗೆಯ ಬಿಸಿಲನ್ನೂ ಕೈಕೊಡುವ ಕರೆಂಟನ್ನೂ ಬಲ್ಲ ನಮ್ಮ ಸೀಮೆಯವರಿಗೆ ಕೊನೆಯ ಲೆಕ್ಕ ಹೆಚ್ಚಿನದು.

ಈ ಪಟ್ಟಿ ಇರುವುದು ನಾವು ಕಡತಗಳನ್ನಿಡುವ ಜಾಗದಲ್ಲಲ್ಲ, ಡಿಸ್ಕ್ ತನ್ನ ಸ್ವಂತಕ್ಕೆ ಕಾದಿರಿಸಿಕೊಂಡ ಒಳಕೋಣೆಯಲ್ಲಿ. ಆದ್ದರಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೂ, ಪ್ರತಿಯೊಂದು ಮಡಿಯನ್ನು ಅಳಿಸಿ ಬರೆದರೂ ಓಡಿದ ಗಂಟೆಯ ಲೆಕ್ಕ ಅಳಿಯುವುದಿಲ್ಲ. ಅದನ್ನು ಸೊನ್ನೆಗೆ ತರಬಲ್ಲವರು ಡಿಸ್ಕಿನ ಒಳಭಾಷೆಯನ್ನು ಬಲ್ಲವರು ಮಾತ್ರ. ತಯಾರಕರು ಮರಳಿ ಬಂದ ಡಿಸ್ಕನ್ನು ಪರೀಕ್ಷಿಸಿ, ಮತ್ತೆ ಮಾರುವ ಮುನ್ನ ಹೀಗೆ ಮಾಡುವುದುಂಟು. ಆಗ ಅದರ ಮೇಲೆ ಮರುಪರೀಕ್ಷಿತವೆಂಬ ಚೀಟಿ ಅಂಟಿಸುತ್ತಾರೆ, ಬೆಲೆಯನ್ನೂ ಇಳಿಸುತ್ತಾರೆ. ಅದು ತಿಳಿಸಿ ಮಾಡಿದ ಕೆಲಸ. ಚೀಟಿಯಿಲ್ಲದೆ, ಹೊಸದರ ಬೆಲೆಗೆ ಮಾರಿದರೆ ಅದು ಮೋಸ.

ಎಚ್ಚರಿಕೆ ಮೂಡಿದ ನಾಲ್ಕನೆಯ ವಾರ ನಾನು ಡಿಸ್ಕನ್ನು ಹಗರಿಬೊಮ್ಮನಹಳ್ಳಿಯ ಒಬ್ಬ ತರುಣನಲ್ಲಿಗೆ ಒಯ್ದೆ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಸ್ಮಾರ್ಟ್ ಪಟ್ಟಿಯಲ್ಲಿ ಓಡಿದ ಗಂಟೆ ಸಾವಿರದ ಚಿಲ್ಲರೆ ಇತ್ತು. ನನ್ನ ಬಳಕೆಗೆ ಅದು ಸರಿಹೊಂದುತ್ತಿತ್ತು. ಅವನು ಇನ್ನೇನನ್ನೋ ತೆರೆದು, ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದ: “ಸರ್, ಇದು ಹೊಸದಲ್ರೀ. ಮೂವತ್ತು ಸಾವಿರ ತಾಸು ದಾಟೈತಿ.”

ವರ್ಷಕ್ಕೆ 8,760 ಗಂಟೆ. ಅಂದರೆ ಆ ಡಿಸ್ಕ್ ನನ್ನ ಮನೆಗೆ ಬರುವ ಮುನ್ನ ಬೇರೆಲ್ಲೋ ಹಗಲಿರುಳು ಮೂರು ವರ್ಷಕ್ಕೂ ಮಿಕ್ಕಿ ದುಡಿದು ದಣಿದಿತ್ತು. ಯಾರೋ ಕೊಂಬು ಹೆರೆದಿದ್ದರು. ತರುಣ ನೋಡಿದ್ದು ಹಲ್ಲು.

ಈ ಹಲ್ಲು ಯಾವುದೆಂದು ಹೇಳಬೇಕು. ಸ್ಮಾರ್ಟ್ ಪಟ್ಟಿಯಲ್ಲದೆ, ತಯಾರಕರು ತಮ್ಮ ವಿಶ್ಲೇಷಣೆಗೆಂದು ಇನ್ನೊಂದು ದಾಖಲೆಯನ್ನು ಇಡುವುದುಂಟು. ಸೀಗೇಟ್ ಕಂಪನಿ ಅಂಥದನ್ನು ಫಾರ್ಮ್ ಎಂದು ಕರೆಯುತ್ತದೆ. 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಎಂಬ ತಂತ್ರಜ್ಞಾನ ಪತ್ರಿಕಾ ಸಂಸ್ಥೆ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಹೊಸದೆಂದು ಮಾರಾಟವಾದ ಸೀಗೇಟ್ ಡಿಸ್ಕ್‌ಗಳಲ್ಲಿ ಕೆಲವದರ ಸ್ಮಾರ್ಟ್ ಲೆಕ್ಕ ಸೊನ್ನೆಯ ಹತ್ತಿರವಿದ್ದರೂ, ಫಾರ್ಮ್ ದಾಖಲೆಯಲ್ಲಿ 15,000ದಿಂದ 50,000 ಗಂಟೆಗಳವರೆಗೆ ಓಡಿದ ಗುರುತಿತ್ತು. ಚಿಯಾ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲೆಂದು ರಾಶಿರಾಶಿಯಾಗಿ ದುಡಿಸಿ, ಲಾಭವಿಲ್ಲವಾದಾಗ ಹೊರಹಾಕಿದ ಡಿಸ್ಕ್‌ಗಳಿವು ಎಂಬ ಗುಮಾನಿ ಆಗ ಕೇಳಿಬಂತು. ಹಾಗೆಂದು ಎರಡನೆಯ ದಾಖಲೆಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಕೊಂಬು ಹೆರೆಯುವ ಕೈಗೆ ಹಲ್ಲು ಉಜ್ಜುವುದನ್ನು ಕಲಿಯುವುದು ಎಷ್ಟು ಹೊತ್ತಿನ ಮಾತು?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿದೆ. ಮೋಸದ ಮಾತಿರಲಿ, ನನ್ನ ಸ್ವಂತ ಡಿಸ್ಕಿನಲ್ಲಿ ದೋಷ ನಿವಾರಣೆಯಾದ ಮೇಲೂ ಹಳೆಯ ಅಂಕಿ ಉಳಿದರೆ ಅದನ್ನೇಕೆ ಅಳಿಸಬಾರದು? ಉದಾಹರಣೆಗೆ, ಕೇಬಲ್ ಸಡಿಲವಾಗಿದ್ದರೆ ಪಟ್ಟಿಯಲ್ಲಿ ಸಾಗಣೆಯ ತಪ್ಪುಗಳು ಏರುತ್ತವೆ. ಕೇಬಲ್ ಬದಲಿಸಿದರೆ ತಪ್ಪು ನಿಲ್ಲುತ್ತದೆ, ಅಂಕಿ ಮಾತ್ರ ಇಳಿಯುವುದಿಲ್ಲ. ಇದಕ್ಕೆ ಉತ್ತರ ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ. ವಿದ್ಯುತ್ ಮೀಟರನ್ನು ಯಾರೂ ತಿಂಗಳು ತಿಂಗಳು ಸೊನ್ನೆಗೆ ತಿರುಗಿಸುವುದಿಲ್ಲ. ಹೋದ ತಿಂಗಳ ಅಂಕಿಯನ್ನು ಈ ತಿಂಗಳದರಿಂದ ಕಳೆಯುತ್ತಾರೆ. ಡಿಸ್ಕಿನದೂ ಹಾಗೆಯೇ. ಅಂಕಿಯನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ತಿಂಗಳೂ ಅಷ್ಟೇ ಇದ್ದರೆ ನೆಮ್ಮದಿ; ಏರುತ್ತಿದ್ದರೆ ಎಚ್ಚರ. ಸಂಶಯದ ಪಟ್ಟಿಯಲ್ಲಿರುವ ಮಡಿಗಳ ಲೆಕ್ಕವಂತೂ ಅಲ್ಲಿ ಹೊಸದಾಗಿ ಬರೆದಾಗ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಪ್ರಾಮಾಣಿಕವಾದ ಸೊನ್ನೆ ಎಂಬುದೊಂದಿದ್ದರೆ ಅದು ಇದೇ. ಬಲವಂತದ ಸೊನ್ನೆ ರೋಗವನ್ನು ಕಳೆಯುವುದಿಲ್ಲ. ರೋಗಿಯ ಚೀಟಿಯನ್ನು ಹರಿದು ಹಾಕುತ್ತದೆ, ಅಷ್ಟೇ. ತೇಪೆ ಹಾಕಿದ ತಟ್ಟೆ ಆ ಮೇಲೂ ತೇಪೆಯ ತಟ್ಟೆಯೇ. ಮುಂದೆ ನೋಡುವ ವೈದ್ಯನಿಗೆ ಮಾತ್ರ ಕಣ್ಣು ಕಟ್ಟಿದಂತಾಗುತ್ತದೆ.

ಹಾಗಾದರೆ ಅಳಿಸದ, ನಿಜವಾದ ಪಟ್ಟಿಯೇ ಸಾಕೇ? ಅದೂ ಸಾಲದು. 2007ರಲ್ಲಿ ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು ತಮ್ಮಲ್ಲಿದ್ದ ಲಕ್ಷಕ್ಕೂ ಮಿಕ್ಕ ಡಿಸ್ಕ್‌ಗಳ ಅಧ್ಯಯನವನ್ನು ಪ್ರಕಟಿಸಿದರು. ಮೈಯನ್ನು ತಡಕಿ ನೋಡುವ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚೆಂದು ಅವರು ಕಂಡರು. ಎಚ್ಚರಿಕೆ ಬಂದರೆ ಉದಾಸೀನ ಸಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳಿದರು. ಉಷ್ಣತೆಯೊಂದನ್ನು ಬಿಟ್ಟು ಪಟ್ಟಿಯ ಎಲ್ಲ ದೋಷಸೂಚನೆಗಳನ್ನು ಲೆಕ್ಕಕ್ಕೆ ಹಿಡಿದರೂ, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ನೂರಕ್ಕೆ 36 ಯಾವ ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು. ಪಟ್ಟಿ ಕೂಗಿದರೆ ಕೇಳಬೇಕು. ಸುಮ್ಮನಿದ್ದರೆ ನಂಬಿ ನಿದ್ರೆ ಮಾಡಬಾರದು.

ಆದ್ದರಿಂದ ನಾನೀಗ ಪಾಲಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಡಿಸ್ಕ್ ಮನೆಗೆ ಬಂದ ದಿನವೇ ಸ್ಮಾರ್ಟ್ ಪಟ್ಟಿಯನ್ನೂ, ಇದ್ದರೆ ಎರಡನೆಯ ದಾಖಲೆಯನ್ನೂ ತೆಗೆಸಿ ಹೋಲಿಸುತ್ತೇನೆ. ಡಿಸ್ಕಿನೊಳಗೇ ಇರುವ ದೀರ್ಘ ಪರೀಕ್ಷೆಯನ್ನು ನಡೆಸುತ್ತೇನೆ. ತಟ್ಟೆಯ ಮೈಯನ್ನೆಲ್ಲ ಓದಿ ನೋಡುವ ಆ ಪರೀಕ್ಷೆಗೆ ಹಲವು ಗಂಟೆ ಹಿಡಿಯುತ್ತದೆ. ಗ್ಯಾರಂಟಿಯ ಅವಧಿಯನ್ನು ಡಿಸ್ಕಿನ ಕ್ರಮಸಂಖ್ಯೆ ಹಿಡಿದು ತಯಾರಕರಲ್ಲಿಯೇ ವಿಚಾರಿಸುತ್ತೇನೆ. ಇಷ್ಟಾದ ಮೇಲೂ ಒಂದು ಡಿಸ್ಕನ್ನು ನೆಚ್ಚುವುದಿಲ್ಲ. ಒಂದು ಪ್ರತಿ ನನ್ನ ಮನೆಯಲ್ಲಿ, ಇನ್ನೊಂದು ಹರಪನಹಳ್ಳಿಯ ಮಗಳ ಮನೆಯಲ್ಲಿ.

ತರುಣ ಎರಡು ರಾತ್ರಿ ಕುಳಿತು ನನ್ನ ಡಿಸ್ಕಿನಿಂದ ಸಾಕಷ್ಟನ್ನು ಬದುಕಿಸಿಕೊಟ್ಟ. ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿ, ಜೋಳ ಬೀಸುತ್ತ ಹಾಡಿದ ಒಂದು ಪದ ಮಾತ್ರ ಅರ್ಧಕ್ಕೆ ನಿಂತಿದೆ. ಟೇಪು ಎಂದೋ ಬೂಷ್ಟು ಹಿಡಿದು ಹೋಗಿತ್ತು, ಅಜ್ಜಿಯೂ ಈಗಿಲ್ಲ. ಕಲ್ಲಿನ ಗರಗರ ಸದ್ದು, ಎರಡು ನುಡಿ, ಆಮೇಲೆ ಏನೂ ಇಲ್ಲ. ಎಚ್ಚರಿಕೆ ಮೂಡಿದ ಮೊದಲ ದಿನವೇ ನಕಲು ಮಾಡಿಕೊಂಡಿದ್ದರೆ ಉಳಿದ ನುಡಿಗಳೂ ಸಿಗುತ್ತಿದ್ದವೇನೋ. ಆ ಮೂರು ವಾರ ನಾನು ಲೆಕ್ಕವನ್ನು ಸೊನ್ನೆ ಮಾಡುವ ಹಾದಿಯನ್ನು ಹುಡುಕುತ್ತಿದ್ದೆ.