ಪೆಟ್ರೋಲ್ ಹೊರುವ ತಗಡು

ಹಳೆಯ ಬುಲೆಟ್ಟನ್ನೋ ಯೆಜ್ಡಿಯನ್ನೋ ಪೂರ್ತಿ ಬಿಚ್ಚಿ, ತಮಗೆ ಬೇಕಾದ ರೂಪದಲ್ಲಿ ಮತ್ತೆ ಕಟ್ಟಿಸಿಕೊಳ್ಳುವ ಹವ್ಯಾಸ ನಮ್ಮಲ್ಲಿ ಬೇರೂರಿದೆ. ಹ್ಯಾಂಡಲ್, ಸೀಟು, ಸೈಲೆನ್ಸರ್ ಇವೆಲ್ಲ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಆದರೆ ಮನಸ್ಸಿನಲ್ಲಿರುವ ಆಕಾರದ ಟ್ಯಾಂಕ್ ಬೇಕೆಂದರೆ ಅದು ಕೈಕೆಲಸದಲ್ಲೇ ಆಗಬೇಕು. ಬೈಕಿನ ಚಹರೆಯನ್ನು ತೀರ್ಮಾನಿಸುವುದು ಟ್ಯಾಂಕ್; ಕಾದ ಎಂಜಿನ್ನಿನ ನೆತ್ತಿಯ ಮೇಲೆ, ಸವಾರನ ತೊಡೆಗಳ ನಡುವೆ ಹತ್ತಾರು ಲೀಟರ್ ಪೆಟ್ರೋಲ್ ಹೊತ್ತು ಕೂರುವುದೂ ಅದೇ. ಹಾಗಾಗಿ ಅದನ್ನು ಉಕ್ಕಿನಲ್ಲಿ ಮಾಡಿಸಬೇಕೋ, ಅಲ್ಯೂಮಿನಿಯಂನಲ್ಲೋ, ಫೈಬರಿನಲ್ಲೋ ಎಂಬುದು ಬಣ್ಣ ಆರಿಸಿದಷ್ಟು ಹಗುರವಾಗಿ ತೀರ್ಮಾನಿಸುವ ವಿಷಯವಲ್ಲ. ದಿನವೂ ರಸ್ತೆಗಿಳಿಯುವ ಗಾಡಿಗೆ ಸಾದಾ ಉಕ್ಕಿನ ತಗಡೇ ಸರಿ ಎಂಬುದು ನನ್ನ ವಾದ. ರೇಸಿಂಗ್ ಚಿತ್ರಗಳನ್ನು ನೋಡಿ ಮನಸೋತವರಿಗೆ ಇದು ಸಪ್ಪೆ ಎನಿಸಬಹುದು. ಆದರೂ ಲೆಕ್ಕ, ರಸಾಯನ, ರಿಪೇರಿ ಮೂರೂ ಇದೇ ಕಡೆಗೆ ಬೊಟ್ಟು ಮಾಡುತ್ತವೆ.

ಮೊದಲು ತೂಕದ ಲೆಕ್ಕ, ಏಕೆಂದರೆ ಉಕ್ಕಿನ ವಿರುದ್ಧ ಎಲ್ಲರೂ ಮೊದಲು ಎತ್ತುವ ಆಕ್ಷೇಪ ಅದೇ. ಹದಿಮೂರು ಲೀಟರಿನ ಒಂದು ಟ್ಯಾಂಕಿಗೆ ಮೇಲ್ಮೈ, ತಳ, ಚಾಸಿಯ ಮೇಲೆ ಕೂರಲು ಬೇಕಾದ ನಡುವಿನ ಸುರಂಗ ಎಲ್ಲ ಸೇರಿ ಸುಮಾರು 0.6 ಚದರ ಮೀಟರ್ ತಗಡು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. 1 ಮಿ.ಮೀ. ದಪ್ಪದ ಉಕ್ಕಿನಲ್ಲಿ ಅದರ ತೂಕ 4.7 ಕಿಲೋ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದು ಪಾಲು, ನಿಜ. ಆದರೆ ಅದರ ಬಿಗಿತವೂ ಮೂರನೇ ಒಂದು ಪಾಲೇ. ಆದ್ದರಿಂದ ತಗಡು ದಪ್ಪವಾಗಲೇಬೇಕು. 2 ಮಿ.ಮೀ. ಹಾಕಿದರೆ ತೂಕ 3.2 ಕಿಲೋ. ಉಳಿತಾಯ ಒಂದೂವರೆ ಕಿಲೋ, ಅಂದರೆ ಎರಡು ಲೀಟರ್ ಪೆಟ್ರೋಲಿನ ಭಾರ. ಬಂಕಿನಿಂದ ಹೊರಟು ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅಷ್ಟು ಭಾರ ತಾನಾಗಿಯೇ ಕರಗಿರುತ್ತದೆ. ಸೆಕೆಂಡಿನ ಭಾಗಕ್ಕಾಗಿ ಸೆಣಸುವ ಟ್ರ್ಯಾಕಿನಲ್ಲಿ ಇದಕ್ಕೆ ಬೆಲೆಯಿದೆ. ಸಿಗ್ನಲ್ಲು, ಹಂಪು, ಗುಂಡಿಗಳ ರಸ್ತೆಯಲ್ಲಿ ಇಲ್ಲ.

ಹಾಗೆಂದು ಅಲ್ಯೂಮಿನಿಯಂ ಕೀಳೆಂದಲ್ಲ. ಮ್ಯಾಂಕ್ಸ್ ನಾರ್ಟನ್ ರೇಸ್ ಬೈಕಿನ ಉದ್ದನೆಯ, ಹೊಳೆಯುವ ಟ್ಯಾಂಕನ್ನು ಕಂಡವರಿಗೆ ಈ ಲೋಹದ ಮೋಹ ಅರ್ಥವಾಗುತ್ತದೆ. ಅದನ್ನು ಬಗ್ಗಿಸುವ ಕಲೆಯೂ ಚೆಂದದ್ದು. ಮರದ ಸುತ್ತಿಗೆಯಿಂದ ಮರಳಿನ ಚೀಲದ ಮೇಲೆ ಬಡಿಯುತ್ತ ಹೋದಂತೆ ತಗಡು ಗಡುಸಾಗುತ್ತದೆ; ಮತ್ತೆ ಮೆದುವಾಗಿಸಲು ಕಾಯಿಸಬೇಕು. ತೊಡಕೆಂದರೆ, ಉಕ್ಕು ಕಾದರೆ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಬಣ್ಣ ತಿರುಗದೆಯೇ 660 ಡಿಗ್ರಿ ಹೊತ್ತಿಗೆ ಕರಗಿ ಇಳಿದುಬಿಡುತ್ತದೆ. ಅದಕ್ಕೇ ಕಸುಬುದಾರರು ತಗಡಿನ ಮೇಲೆ ಸೋಪು ಉಜ್ಜಿ ಬೆಂಕಿ ಹಿಡಿಯುತ್ತಾರೆ. ಸೋಪು ಕಪ್ಪಾದರೆ ಹದ ಬಂತೆಂದು ಲೆಕ್ಕ, ಆ ಕ್ಷಣವೇ ಬೆಂಕಿ ತೆಗೆಯಬೇಕು. ಇಂಥ ಕೈಚಳಕದಿಂದ ಹುಟ್ಟಿದ ಟ್ಯಾಂಕನ್ನು ಮೆಚ್ಚದಿರಲು ಸಾಧ್ಯವಿಲ್ಲ. ತೊಂದರೆ ಇರುವುದು ಆಮೇಲಿನ ವರ್ಷಗಳಲ್ಲಿ. ಒಂದು ಮಿತಿಯೊಳಗಿನ ಅದುರುವಿಕೆಯನ್ನು ಉಕ್ಕು ಎಷ್ಟು ಕಾಲವಾದರೂ ತಾಳಿಕೊಳ್ಳಬಲ್ಲದು. ಅಲ್ಯೂಮಿನಿಯಂಗೆ ಅಂಥ ಸುರಕ್ಷಿತ ಮಿತಿ ಇಲ್ಲ. ಸಣ್ಣ ಅದುರುವಿಕೆಯೂ ಎಣಿಕೆಗೆ ಸೇರುತ್ತ ಹೋಗುತ್ತದೆ. 3000 ಆರ್‌ಪಿಎಂನಲ್ಲಿ ಓಡುವ ಒಂಟಿ ಸಿಲಿಂಡರಿನ ಎಂಜಿನ್ ಗಂಟೆಗೆ 1.8 ಲಕ್ಷ ಬಾರಿ ಅದುರುತ್ತದೆ. ರಬ್ಬರ್ ಬುಷ್ ಹಾಕಿ, ಮೌಂಟಿನ ಸುತ್ತ ಪಟ್ಟಿ ಕೊಟ್ಟು ಬಿಗಿಮಾಡಿದರೆ ಬಾಳಿಕೆ ಹೆಚ್ಚುತ್ತದೆ. ಆದರೂ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಸೀಳು ಬಂತೆಂದರೆ ಅದನ್ನು ಮುಚ್ಚಲು ಟಿಗ್ ವೆಲ್ಡಿಂಗ್ ಬಲ್ಲವರೇ ಬೇಕು. ಉಕ್ಕಿನ ಟ್ಯಾಂಕಾದರೆ ಯಾವ ತಾಲ್ಲೂಕು ಕೇಂದ್ರದ ಟಿಂಕರಿಂಗ್ ಶೆಡ್ಡಿನಲ್ಲಾದರೂ ಗ್ಯಾಸ್ ಬೆಸುಗೆ ಹಾಕಿಸಬಹುದು. ಊರು ಬಿಟ್ಟು ದೂರ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಬೆಸುಗೆಗೆ ಮೊದಲು ಟ್ಯಾಂಕನ್ನು ಚೆನ್ನಾಗಿ ತೊಳೆದು ಆವಿ ಉಳಿಯದಂತೆ ಮಾಡಲೇಬೇಕು. ಗಾಳಿಯಲ್ಲಿ ಶೇ 1.4ರಷ್ಟು ಪೆಟ್ರೋಲ್ ಆವಿ ಇದ್ದರೂ ಕಿಡಿಗೆ ಸಾಕು, ಹಾಗಾಗಿ ತುಂಬಿದ ಟ್ಯಾಂಕಿಗಿಂತ ಬರಿದಾದದ್ದೇ ಹೆಚ್ಚು ಅಪಾಯಕಾರಿ.

ಫೈಬರ್ ಗ್ಲಾಸಿನ ಕಥೆ ಬೇರೆ. 1960ರ ದಶಕದ ಬ್ರಿಟನ್ನಿನಲ್ಲಿ ಕೆಫೆ ರೇಸರ್ ಹುಡುಗರ ಮೆಚ್ಚಿನ ವಸ್ತು ಅದು: ಅಗ್ಗ, ಹಗುರ, ಅಚ್ಚಿನಲ್ಲಿ ಬೇಕಾದ ಆಕಾರ. 1974ರ ಡುಕಾಟಿ 750 ಸೂಪರ್ ಸ್ಪೋರ್ಟ್ ಬೈಕಿನ ಫೈಬರ್ ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟ ಕಾಣಲೆಂದೇ ಪಕ್ಕದಲ್ಲೊಂದು ಪಾರದರ್ಶಕ ಪಟ್ಟಿ ಬಿಟ್ಟಿದ್ದರು. ಆದರೆ ಅಷ್ಟರಲ್ಲೇ ಬ್ರಿಟನ್, 1973ರ ಜುಲೈ ನಂತರ ರಸ್ತೆಗಿಳಿಯುವ ವಾಹನಗಳ ಪೆಟ್ರೋಲ್ ಟ್ಯಾಂಕ್ ಲೋಹದ್ದೇ ಆಗಿರಬೇಕೆಂದು ನಿಯಮ ಮಾಡಿತ್ತು. ಪೆಟ್ಟು ಬಿದ್ದರೆ ಲೋಹ ಬಗ್ಗುತ್ತದೆ, ಫೈಬರ್ ಒಡೆಯುತ್ತದೆ. ನಮ್ಮ ಕಾಲದಲ್ಲಿ ಇನ್ನೊಂದು ಕಾರಣವೂ ಸೇರಿದೆ: ಎಥನಾಲ್. 2025ರ ಹೊತ್ತಿಗೆ ಭಾರತದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿಯಾಗಿದೆ. ನಮ್ಮ ಬೆಳಗಾವಿ, ಬಾಗಲಕೋಟೆಯ ಕಬ್ಬೂ ಅದರಲ್ಲಿದೆ. ಈ ಮದ್ಯಸಾರ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನನ್ನು ಮೆತ್ತಗಾಗಿಸುತ್ತದೆ. ಕರಗಿದ ಅಂಟು ಕಾರ್ಬ್ಯುರೇಟರಿಗೂ ವಾಲ್ವಿಗೂ ಹೋಗಿ ಮೆತ್ತಿಕೊಳ್ಳುತ್ತದೆ. ಎಥನಾಲ್ ತಡೆಯುವ ವಿನೈಲ್ ಎಸ್ಟರ್ ರೆಸಿನ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ಬಣ್ಣ ಬಳಿದು ಕೈಗಿತ್ತ ಟ್ಯಾಂಕಿನೊಳಗೆ ಯಾವ ರೆಸಿನ್ ಇದೆ, ಅದು ಸರಿಯಾಗಿ ಗಟ್ಟಿಯಾಗಿದೆಯೇ ಎಂದು ಕೊಳ್ಳುವವರು ನೋಡಿ ಹೇಳಲಾರರು. ಇನ್ನು ಪ್ಲಾಸ್ಟಿಕ್ ಟ್ಯಾಂಕಿಗೆ ದುಬಾರಿ ಅಚ್ಚು ಬೇಕು. ಒಂದೇ ಒಂದು ಟ್ಯಾಂಕಿಗಾಗಿ ಯಾರೂ ಅದನ್ನು ಮಾಡಿಸುವುದಿಲ್ಲ.

ಉಳಿದದ್ದು ತುಕ್ಕು. ಉಕ್ಕಿನ ಮೇಲಿನ ಈ ಒಂದು ಆರೋಪ ನಿಜವಾದದ್ದು, ಎಥನಾಲ್ ಅದನ್ನು ಇನ್ನಷ್ಟು ಗಂಭೀರವಾಗಿಸಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು ಅಲ್ಲೇ ತಗಡನ್ನು ತಿನ್ನುತ್ತವೆ. ಕಾರವಾರ, ಮಂಗಳೂರಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತ ಗಾಡಿಗಳಿಗೆ ಈ ಕಾಟ ಹೆಚ್ಚು. ಕಾರ್ಖಾನೆಗಳು ತವರ, ಸೀಸದಂಥ ಲೇಪನವಿದ್ದ ತಗಡನ್ನು ಬಳಸುತ್ತಿದ್ದವು. ಕೈಕೆಲಸದವರು ಸಾಮಾನ್ಯವಾಗಿ ಬಳಸುವುದು ಲೇಪನವಿಲ್ಲದ 20 ಗೇಜಿನ ತಗಡು. ಆದರೂ ಇದು ತಡೆಯಬಹುದಾದ ರೋಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಉಕ್ಕಿನ ಟ್ಯಾಂಕುಗಳು ಜಾವಾ, ಯೆಜ್ಡಿಗಳ ಬೆನ್ನೇರಿ ಇಂದಿಗೂ ರಸ್ತೆಯಲ್ಲಿವೆ. ಜೋಪಾನ ಮಾಡಿದ್ದಕ್ಕೆ ಉಳಿದವು, ಜೋಪಾನ ಮಾಡಲು ವಿಶೇಷ ವಿದ್ಯೆಯೇನೂ ಬೇಕಿರಲಿಲ್ಲ.

ಹೊಸದಾಗಿ ಮಾಡಿಸುವವರಿಗೆ ಇನ್ನೂ ಒಂದು ಅನುಕೂಲವಿದೆ: ನೀರು ಎಲ್ಲಿ ನಿಲ್ಲಬೇಕೆಂದು ತಾವೇ ನಿರ್ಧರಿಸಬಹುದು. ಸುರಂಗದ ಎರಡೂ ಬದಿಯ ತಳವನ್ನು ಒಂದೊಂದು ಬಿಂದುವಿನ ಕಡೆಗೆ ಇಳಿಜಾರು ಮಾಡಿ, ಒಂದು ಕಡೆ ಪೆಟ್ರೋಲ್ ಕಾಕ್, ಇನ್ನೊಂದು ಕಡೆ ನೀರು ಬಸಿಯುವ ತಿರುಪು ಇಡಿಸಬೇಕು. ಒಳಗೆ ಸೀಲರ್ ಹಾಕಿಸುವುದಾದರೆ ಅದು ಎಥನಾಲ್ ತಡೆಯುವಂಥದ್ದೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಅಗ್ಗದ್ದು ಹಾಳೆಯಂತೆ ಎದ್ದು ಬಂದು ಕಾಕನ್ನೇ ಕಟ್ಟುತ್ತದೆ. ಸೀಲರಿಗೂ ಬಣ್ಣಕ್ಕೂ ಮೊದಲು, ಬರಿ ತಗಡಾಗಿದ್ದಾಗಲೇ, ಎಲ್ಲ ತೂತು ಮುಚ್ಚಿ ಎರಡು–ಮೂರು ಪಿಎಸ್‌ಐನಷ್ಟೇ ಗಾಳಿ ತುಂಬಿಸಿ, ಬೆಸುಗೆಯ ಮೇಲೆಲ್ಲ ಸೋಪಿನ ನೀರು ಸವರಿಸಬೇಕು. ಒಂದು ಗುಳ್ಳೆ ಎದ್ದರೂ ಟ್ಯಾಂಕ್ ಮತ್ತೆ ಬೆಸುಗೆಗೆ ಹೋಗಬೇಕು, ಎಷ್ಟೇ ತಡವಾಗಲಿ.