ಮಂಡಿ ಶಸ್ತ್ರಚಿಕಿತ್ಸೆ: ನೋವು ಏಳುವ ಮೊದಲೇ ನೋವಿಗೆ ತಡೆ

ಘಾಟಬೋರಾಳ (ಹುಮನಾಬಾದ್ ತಾ.): ತೊಗರಿ, ಸೋಯಾ, ಕಬ್ಬಿನ ಸೀಮೆಯಾದ ಬೀದರ್ ಜಿಲ್ಲೆಯಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆದು, ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿದು ಬದುಕು ಸಾಗಿಸಿದವರಿಗೆ ಅರವತ್ತು ದಾಟಿದ ಮೇಲೆ ಮಂಡಿ ನೋವು ಅಪರೂಪವೇನಲ್ಲ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಇಂಥ ಗ್ರಾಮಗಳ ಜನ ಬೀದರ್ ಅಥವಾ ಕಲಬುರಗಿಗೆ, ಇಲ್ಲವೇ ಹೆದ್ದಾರಿ ಹಿಡಿದು ಸೊಲ್ಲಾಪುರ, ಹೈದರಾಬಾದ್‌ಗೆ ಹೋಗಬೇಕು. ದಾರಿಯ ದೂರ ಹಾಗೂ ಹಣದ ಚಿಂತೆಯ ಜತೆಗೆ ಅವರನ್ನು ಹಿಂದಕ್ಕೆ ಎಳೆಯುವ ಇನ್ನೊಂದು ಸಂಗತಿಯಿದೆ. ಅದು ಶಸ್ತ್ರಚಿಕಿತ್ಸೆಯ ನಂತರದ ನೋವಿನ ಭಯ.

ಹಣದ ವಿಷಯದಲ್ಲಿ ಸ್ವಲ್ಪ ಮಟ್ಟಿನ ಪರಿಹಾರ ದೊರೆತಿದೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹೇರಿತು. ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಅಂದು ನಿಗದಿಯಾದ ಗರಿಷ್ಠ ದರ ತೆರಿಗೆ ಹೊರತುಪಡಿಸಿ 54,720 ರೂಪಾಯಿ. ಆದರೆ ನೋವಿನ ವಿಷಯದಲ್ಲಿ ವೈದ್ಯಶಾಸ್ತ್ರ ಏನು ಮಾಡಿದೆ ಎಂಬುದು ರೋಗಿಗಳ ಕಿವಿಗೆ ಬಿದ್ದಿರುವುದು ಕಡಿಮೆ.

ಭಯ ನಿರಾಧಾರವಲ್ಲ. ಆಡುಮಾತಿನಲ್ಲಿ 'ಮಂಡಿ ಚಿಪ್ಪು ಬದಲಾವಣೆ' ಎಂದರೂ ಅಲ್ಲಿ ನಡೆಯುವುದು ಬೇರೆಯೇ ಕೆಲಸ. ತೊಡೆಮೂಳೆಯ ಕೆಳತುದಿ ಹಾಗೂ ಕಣಕಾಲಿನ ಮೂಳೆಯ ಮೇಲ್ತುದಿಯನ್ನು ಕತ್ತರಿಸಿ ಲೋಹದ ಹೊದಿಕೆ ಕೂರಿಸಿ, ನಡುವೆ ಪಾಲಿಎಥಿಲೀನ್ ಪದರ ಇಡಲಾಗುತ್ತದೆ. ಮೂಳೆ ಕೊಯ್ದ ಮೇಲೆ ನೋವು ಬಾರದೇ ಇರದು. ಆ ನೋವಿನಲ್ಲೇ ರೋಗಿಯನ್ನು ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಡೆಸಬೇಕು, ಮಂಡಿ ಮಡಿಸಬೇಕು. ನೋವಿಗೆ ಅಂಜಿ ಕಾಲು ಅಲುಗಿಸದವರ ಕೀಲು ಬಿಗಿದುಕೊಳ್ಳುತ್ತದೆ. ಖರ್ಚು ಮಾಡಿದ ಹಣದ ಫಲ ಅಷ್ಟರಮಟ್ಟಿಗೆ ಕೈತಪ್ಪುತ್ತದೆ.

ಬೆನ್ನುಹುರಿಯ ನೆನಪು

ನೋವು ಬಂದ ಮೇಲೆ ಔಷಧ ಕೊಡುವ ಬದಲು ಮೊದಲೇ ತಡೆಯೊಡ್ಡಬೇಕೆಂಬ ಚಿಂತನೆ ಹಳೆಯದು. ಅರಿವು ತಪ್ಪಿಸಿದ ಮಾತ್ರಕ್ಕೆ ಗಾಯದ ಸಂಕೇತಗಳು ನರಮಂಡಲವನ್ನು ತಲುಪುವುದು ನಿಲ್ಲುವುದಿಲ್ಲ ಎಂದು ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ 20ನೇ ಶತಮಾನದ ಆರಂಭದಲ್ಲೇ ವಾದಿಸಿದ್ದರು. ರೋಗಿ ನಿದ್ರಿಸುತ್ತಿದ್ದರೂ ನರಗಳು ಎಚ್ಚರವಾಗಿರುತ್ತವೆ ಎಂಬುದು ಅದರ ಸಾರ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲಿನ ಪ್ರಯೋಗದಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪೆಟ್ಟಿನ ಸಂಕೇತಗಳು ಬೆನ್ನುಹುರಿಯ ನರಕೋಶಗಳನ್ನು ಕೆರಳಿಸುತ್ತವೆ. ಒಮ್ಮೆ ಕೆರಳಿದ ಮೇಲೆ ಸಣ್ಣ ಸ್ಪರ್ಶವೂ ನೋವಾಗಿ ಕಾಣುತ್ತದೆ ಎಂದು ಅವರು ತೋರಿಸಿದರು. 1988ರಲ್ಲಿ ಪ್ಯಾಟ್ರಿಕ್ ವಾಲ್ ಈ ವಿಚಾರವನ್ನು ಶಸ್ತ್ರಚಿಕಿತ್ಸೆಗೆ ಅನ್ವಯಿಸಿ ಬರೆದ ಮೇಲೆ ಜಗತ್ತಿನ ಅರಿವಳಿಕೆ ತಜ್ಞರ ಗಮನ ಇತ್ತ ಹರಿಯಿತು.

ಮೊದಲ ಉತ್ಸಾಹ ಅತಿಯಾಗಿತ್ತು ಎಂಬುದನ್ನೂ ಹೇಳಬೇಕು. ಕೊಯ್ಯುವ ಮುನ್ನ ಒಂದು ಮಾತ್ರೆ ನುಂಗಿಸಿದರೆ ನೋವೇ ಇರದು ಎಂಬ ನಿರೀಕ್ಷೆ ಹುಸಿಯಾಯಿತು. ಅದೇ ಔಷಧವನ್ನು ಕೊಯ್ತಕ್ಕೆ ಮೊದಲು ಅಥವಾ ನಂತರ ಕೊಟ್ಟು ಹೋಲಿಸಿದ ಹಲವು ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೊಯ್ತ ಮುಗಿದ ಮೇಲೂ ಗಾಯದ ಊತ ದಿನಗಟ್ಟಲೆ ನರಗಳನ್ನು ಕೆಣಕುತ್ತಲೇ ಇರುತ್ತದೆ. ಹೀಗಾಗಿ ಮೊದಲು, ನಡುವೆ, ನಂತರ ಎಂಬ ಮೂರೂ ಹಂತಗಳಲ್ಲಿ ಕೊಂಡಿ ಕಳಚದಂತೆ ತಡೆಯೊಡ್ಡುವುದು ಇಂದಿನ ಕ್ರಮ.

ಏನೇನು ಕೊಡುತ್ತಾರೆ?

ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ ಜೋಡಿಸುವುದೇ ಇದರ ಗುಟ್ಟು. ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ ಮುನ್ನ ಪ್ಯಾರಸಿಟಮಾಲ್ ಹಾಗೂ, ಮೂತ್ರಪಿಂಡ ಮತ್ತು ಹೃದಯ ಗಟ್ಟಿಯಿದ್ದವರಿಗೆ, ಸೆಲೆಕಾಕ್ಸಿಬ್‌ನಂಥ ಊತನಿವಾರಕ ಮಾತ್ರೆ ಕೊಡುವುದುಂಟು. ಹೊಟ್ಟೆ ಖಾಲಿಯಿರಬೇಕಾದ ಹೊತ್ತಿನಲ್ಲೂ ವೈದ್ಯರು ಹೇಳಿದ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ನುಂಗಬಹುದು. 'ಉಪವಾಸ' ಎಂದು ಮನೆಯವರು ಅದನ್ನು ತಪ್ಪಿಸಬಾರದು. ಬಳಿಕ ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು, ತೊಡೆಯ ಒಳಭಾಗದ ನರಕ್ಕೆ ಮರಗಟ್ಟಿಸುವ ಇನ್ನೊಂದು ಚುಚ್ಚುಮದ್ದು, ಕೀಲಿನ ಸುತ್ತಲೂ ಔಷಧ ತುಂಬುವುದು, ರಕ್ತನಾಳಕ್ಕೆ ಒಂದು ಡೋಸ್ ಡೆಕ್ಸಾಮೆಥಸೋನ್. ಹಿಂದೆ ತೊಡೆಸಂದಿನಲ್ಲೇ ನರವನ್ನು ಮರಗಟ್ಟಿಸುತ್ತಿದ್ದರು. ಅದರಿಂದ ತೊಡೆಯ ಸ್ನಾಯು ಸೋತು, ಎದ್ದು ನಿಂತ ರೋಗಿ ಬೀಳುವ ಅಪಾಯವಿತ್ತು. ಸ್ವಲ್ಪ ಕೆಳಗೆ ಚುಚ್ಚಿದರೆ ನೋವು ತಗ್ಗಿಯೂ ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ.

ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳ ಕಥೆ ಬೇರೆ. ಒಂದು ಕಾಲಕ್ಕೆ ಇವಕ್ಕೆ ಭಾರಿ ಬೇಡಿಕೆಯಿತ್ತು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳಿಂದ ಉಸಿರಾಟ ಕುಗ್ಗುವ ಅಪಾಯವಿದೆಯೆಂದು ಎಚ್ಚರಿಸಿತು. ವಯಸ್ಸಾದವರು ಅದರಲ್ಲಿ ಮುಖ್ಯರು. 2020ರ ವ್ಯಾಪಕ ವಿಶ್ಲೇಷಣೆಯೊಂದು ಇವುಗಳಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದಿತು. ಆದ್ದರಿಂದ ಎಲ್ಲ ರೋಗಿಗಳಿಗೂ ಕೊಡುವ ಪರಿಪಾಠವನ್ನು ಈಚಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ.

ಮುಚ್ಚಿಡಬಾರದ ಪಟ್ಟಿ

ನಮ್ಮ ಭಾಗದ ನಿಜವಾದ ಸಮಸ್ಯೆ ಇರುವುದು ಆಸ್ಪತ್ರೆಯ ಹೊರಗೆ. ವರ್ಷಗಟ್ಟಲೆ ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಡೈಕ್ಲೊಫೆನಾಕ್, ಹೆಸರೇ ತಿಳಿಯದ ಪುಡಿ, ಸ್ಟೆರಾಯ್ಡ್ ಮಾತ್ರೆ ನುಂಗಿದವರು ಅದನ್ನು ದೊಡ್ಡ ವೈದ್ಯರ ಮುಂದೆ ಹೇಳಲು ಸಂಕೋಚಪಡುತ್ತಾರೆ. ಆದರೆ ಡೈಕ್ಲೊಫೆನಾಕ್‌ನಿಂದ ಮೂತ್ರಪಿಂಡ ಸೊರಗಿದ್ದರೆ ಊತನಿವಾರಕ ಕೊಡುವಂತಿಲ್ಲ. ಸ್ಟೆರಾಯ್ಡ್ ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ದಿನವೂ ಟ್ರಮಡಾಲ್ ನುಂಗಿದವರಿಗೆ ಶಸ್ತ್ರಚಿಕಿತ್ಸೆಯ ನಂತರದ ನೋವು ಬೇಗ ಬಗ್ಗದು. ಮಂಡಿಯೊಳಗೆ ಸ್ಟೆರಾಯ್ಡ್ ಚುಚ್ಚಿಸಿಕೊಂಡಿದ್ದರೆ ಸೋಂಕಿನ ಅಪಾಯ ತಪ್ಪಿಸಲು ಮೂರು ತಿಂಗಳು ಕಾಯುವುದು ರೂಢಿ. ರಕ್ತ ತೆಳುಗೊಳಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ತಪ್ಪು, ಹೇಳದೆ ಮುಂದುವರಿಸುವುದೂ ತಪ್ಪು. ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿ ಅರಿವಳಿಕೆ ತಜ್ಞರ ಮೇಜಿನ ಮೇಲೆ ಸುರಿಯುವುದೇ ಸುಲಭದ ದಾರಿ.

ಊರಿಗೆ ಮರಳಿದ ಮೇಲೂ ಎಚ್ಚರ ಬೇಕು. ಮಾರುಕಟ್ಟೆಯ ಅನೇಕ ನೋವಿನ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಬೆರೆತಿರುತ್ತದೆ. ಮತ್ತೊಂದು ಪ್ಯಾರಸಿಟಮಾಲ್ ಸೇರಿಸಿದರೆ ಯಕೃತ್ತಿಗೆ ಹೊರೆ. ನರಕ್ಕೆ ಕೊಟ್ಟ ಚುಚ್ಚುಮದ್ದಿನ ಪ್ರಭಾವ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿದು, ಅಲ್ಲಿಯವರೆಗೆ ಸುಮ್ಮನಿದ್ದ ನೋವು ಒಮ್ಮೆಲೇ ಏಳುತ್ತದೆ. ರಾತ್ರಿ ಹಾಯಾಗಿದ್ದೇನೆಂದು ಮಾತ್ರೆ ಬಿಟ್ಟವರು ಬೆಳಗಿನ ಜಾವ ಒದ್ದಾಡುವುದು ಇದರಿಂದಲೇ. ಬರೆದುಕೊಟ್ಟ ಮಾತ್ರೆಯನ್ನು ಗಡಿಯಾರ ನೋಡಿ ನುಂಗಬೇಕು, ನೋವು ನೋಡಿ ಅಲ್ಲ. ಭೌತಚಿಕಿತ್ಸಕರು ಬರುವುದಕ್ಕೆ ಅರ್ಧ–ಮುಕ್ಕಾಲು ಗಂಟೆ ಮುಂಚೆ ಒಂದು ಡೋಸ್ ಬೀಳುವಂತೆ ವೇಳೆ ಹೊಂದಿಸಿಕೊಡಲು ವೈದ್ಯರನ್ನು ಕೇಳಬಹುದು.